ಬಾಡಿಗೆಗೆ ಕೊಡಲು ಮನೆ ಕೊಳ್ಳುವ ಮುನ್ನ: ಮೊದಲ ಬಾರಿಯವರಿಗೆ ಒಂದು ಲೆಕ್ಕ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳದ್ದೇ ಸಿಂಹಪಾಲು. ಆದರೆ ಈಚೆಗೆ ಪುಣೆಯಿಂದ ಬಂದ ಒಂದು ಪತ್ರದಲ್ಲಿ ಹಾಡಿನ ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಬರೆದವರಿಗೆ 44 ವರ್ಷ. ಕಾರ್ಖಾನೆಯೊಂದರಲ್ಲಿ ಕೆಲಸ. ವಾಸಕ್ಕೆ ಸ್ವಂತ ಮನೆ ಇದೆ, ಅದರ ಸಾಲ ತೀರಿದೆ. ಊರಿನ ಜಮೀನಿನಲ್ಲಿ ತಮ್ಮ ಪಾಲು ಮಾರಿ ಬಂದದ್ದು, ಮನೆಯವರು ಕೂಡಿಟ್ಟದ್ದು ಎಲ್ಲಾ ಸೇರಿ ಕೈಯಲ್ಲಿ 18 ಲಕ್ಷ ರೂಪಾಯಿ ಇದೆ. ಒಬ್ಬ ಏಜೆಂಟರು 60 ಲಕ್ಷದ ಫ್ಲ್ಯಾಟು ತೋರಿಸಿ, "ಬಾಡಿಗೆ ಬರುತ್ತದೆ, ತೆರಿಗೆ ಉಳಿಯುತ್ತದೆ, ಕೈಯಿಂದ ಸ್ವಲ್ಪ ಹಾಕಿದರೆ ಸಾಕು, ಮನೆ ತಾನಾಗಿಯೇ ನಿಮ್ಮದಾಗುತ್ತದೆ" ಎಂದರಂತೆ. "ಮುಂದಿನ ತಿಂಗಳು ಮುಂಗಡ ಕೊಡಬೇಕು. ಕೊಡಲೇ, ಬೇಡವೇ?" ಇದು ಅವರ ಪ್ರಶ್ನೆ.

ಮುಂಬೈ, ಚೆನ್ನೈ, ಹೈದರಾಬಾದ್, ದಿಲ್ಲಿಯ ನಮ್ಮ ಎಷ್ಟೋ ಕೇಳುಗರ ಮನಸ್ಸಿನಲ್ಲೂ ಈ ಪ್ರಶ್ನೆ ಇದ್ದೇ ಇರುತ್ತದೆ. ಪರ ಊರಿಗೆ ಬಂದು, ವರ್ಷಗಟ್ಟಲೆ ಬಾಡಿಗೆ ಕಟ್ಟಿದವರಿಗೆ, ತಾವೂ ಒಂದು ಮನೆಯಿಂದ ಬಾಡಿಗೆ ಪಡೆಯುವ ಆಸೆ ಸಹಜವೇ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಅವರ ಲೆಕ್ಕವನ್ನೇ ಇಲ್ಲಿ ಬಿಡಿಸಿ ನೋಡೋಣ. ಏಜೆಂಟರು ಹೇಳಿದ ಆ "ಸ್ವಲ್ಪ" ಎಂದರೆ ಎಷ್ಟು? ಅದನ್ನು ಕಂಡುಹಿಡಿದರೆ ಅರ್ಧ ಉತ್ತರ ಸಿಕ್ಕಂತೆ.

ಮೊದಲು ಕೈಯಿಂದ ಹೋಗುವ ಹಣ

ಮನೆಯ ಬೆಲೆ 60 ಲಕ್ಷ ಎಂದರೆ ಖರ್ಚು 60 ಲಕ್ಷಕ್ಕೆ ನಿಲ್ಲುವುದಿಲ್ಲ. ಪುಣೆಯಲ್ಲಿ ಮುದ್ರಾಂಕ ಶುಲ್ಕ, ಮೇಲಿನ ಸೆಸ್‌ಗಳೆಲ್ಲ ಸೇರಿ ಶೇ. 7. ಅಂದರೆ 4 ಲಕ್ಷ 20 ಸಾವಿರ. ನೋಂದಣಿ ಶುಲ್ಕ ಶೇ. 1, ಆದರೆ ಮಹಾರಾಷ್ಟ್ರದಲ್ಲಿ ಅದಕ್ಕೆ 30 ಸಾವಿರದ ಮಿತಿ ಇದೆ. ಇನ್ನು ಬಣ್ಣ, ಫ್ಯಾನು, ಗ್ರಿಲ್ಲು, ಅಡಿಗೆಮನೆಯ ಕಪಾಟು, ದಲ್ಲಾಳಿ ಎಂದು ಕನಿಷ್ಠ ಒಂದೂವರೆ ಲಕ್ಷ ಹಿಡಿಯೋಣ. ಒಟ್ಟು 66 ಲಕ್ಷ.

ಬ್ಯಾಂಕು ಎಷ್ಟು ಕೊಡುತ್ತದೆ? ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ. 80ರವರೆಗೆ, ಅದಕ್ಕೂ ಮೇಲೆ ಶೇ. 75ರವರೆಗೆ ಕೊಡಬಹುದು. ಇಂಥ ಮನೆಗೆ ಮುದ್ರಾಂಕ, ನೋಂದಣಿ ಖರ್ಚು ಈ ಮೌಲ್ಯದಲ್ಲಿ ಸೇರುವುದಿಲ್ಲ. ಆದ್ದರಿಂದ ನಮ್ಮ ಕೇಳುಗರಿಗೆ ಸಿಗುವ ಸಾಲ ಹೆಚ್ಚೆಂದರೆ 48 ಲಕ್ಷ. ಉಳಿದ 18 ಲಕ್ಷ, ಅಂದರೆ ಅವರ ಕೈಯಲ್ಲಿರುವ ಅಷ್ಟೂ ಹಣ, ಮೊದಲ ದಿನವೇ ಹೋಯಿತು.

ಈ ಶುಲ್ಕ ಊರಿಂದೂರಿಗೆ ಬೇರೆ. ಮುಂಬೈ ನಗರದಲ್ಲಿ ಮುದ್ರಾಂಕ ಶೇ. 6. ಚೆನ್ನೈಯಲ್ಲಿ ಮುದ್ರಾಂಕ ಶೇ. 7, ನೋಂದಣಿ ಶೇ. 2, ಒಟ್ಟು ಶೇ. 9. ಕರ್ನಾಟಕದಲ್ಲಿ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಮಹಾರಾಷ್ಟ್ರದಲ್ಲಿ ಮನೆಯನ್ನು ಮಹಿಳೆಯೊಬ್ಬರದೇ ಹೆಸರಿನಲ್ಲಿ ಕೊಂಡರೆ ಮುದ್ರಾಂಕದಲ್ಲಿ ಶೇ. 1 ರಿಯಾಯಿತಿ ಇದೆ. ಆದರೆ ಹಣ ಗಂಡನದಾಗಿ ಹೆಸರು ಮಾತ್ರ ಹೆಂಡತಿಯದಾದರೆ, ಬಾಡಿಗೆ ಆದಾಯವನ್ನು ತೆರಿಗೆ ಇಲಾಖೆ ಗಂಡನ ಲೆಕ್ಕಕ್ಕೇ ಸೇರಿಸುತ್ತದೆ ಎಂಬುದು ನೆನಪಿರಲಿ.

ಬಾಡಿಗೆ ಬೇರೆ, ಕೈಗೆ ಸಿಗುವುದು ಬೇರೆ

ಆ ಫ್ಲ್ಯಾಟಿಗೆ ತಿಂಗಳಿಗೆ 18 ಸಾವಿರ ಬಾಡಿಗೆ ಬರುತ್ತದೆ ಎಂದು ಏಜೆಂಟರ ಮಾತು. ಸುತ್ತಮುತ್ತಲಿನ ಬಾಡಿಗೆ ನೋಡಿದರೆ ಅದು ಸುಳ್ಳಲ್ಲ. ವರ್ಷಕ್ಕೆ 2 ಲಕ್ಷ 16 ಸಾವಿರ. 60 ಲಕ್ಷಕ್ಕೆ ಹೋಲಿಸಿದರೆ ಶೇ. 3.6. ನಮ್ಮ ಮಹಾನಗರಗಳಲ್ಲಿ ವಾಸದ ಮನೆಗಳು ಸಾಮಾನ್ಯವಾಗಿ ಶೇ. 2ರಿಂದ 4ರ ನಡುವೆಯೇ ಬಾಡಿಗೆ ತರುತ್ತವೆ. ಅಂಗಡಿ, ಆಫೀಸುಗಳು ಇದಕ್ಕಿಂತ ಹೆಚ್ಚು ತರಬಹುದು, ಆದರೆ ಖಾಲಿ ಬಿದ್ದರೆ ತಿಂಗಳುಗಟ್ಟಲೆ ಖಾಲಿ ಬೀಳುತ್ತವೆ.

ಈಗ ಕಳೆಯುತ್ತಾ ಹೋಗೋಣ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದಿಟ್ಟುಕೊಳ್ಳಿ. ಬರುವುದು 11 ತಿಂಗಳ ಬಾಡಿಗೆ, 1 ಲಕ್ಷ 98 ಸಾವಿರ. ಸೊಸೈಟಿಯ ನಿರ್ವಹಣಾ ವೆಚ್ಚ ತಿಂಗಳಿಗೆ 2,500ರಂತೆ 30 ಸಾವಿರ. ಮನೆ ತೆರಿಗೆ 9 ಸಾವಿರ. ನಲ್ಲಿ, ಗೀಜರು, ಸೋರುವ ಗೋಡೆ ಎಂದು ದುರಸ್ತಿಗೆ 12 ಸಾವಿರ. ದಲ್ಲಾಳಿ, ಕರಾರುಪತ್ರಕ್ಕೆ 9 ಸಾವಿರ. ಒಟ್ಟು 60 ಸಾವಿರ ಕಳೆದರೆ ಉಳಿಯುವುದು 1 ಲಕ್ಷ 38 ಸಾವಿರ. ತಿಂಗಳಿಗೆ 11,500. ಹಾಕಿದ 66 ಲಕ್ಷಕ್ಕೆ ಹೋಲಿಸಿದರೆ ಇದು ಶೇ. 2.1 ಮಾತ್ರ.

ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳಲ್ಲಿ ಇನ್ನೊಂದು ಬಾಬ್ತು ಇದೆ. ಮಾಲೀಕರು ತಾವು ಇರದೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ಒಂದು ಹೆಚ್ಚುವರಿ ಶುಲ್ಕ ಹಾಕುತ್ತದೆ. ಹಿಂದೆ ಕೆಲವು ಸೊಸೈಟಿಗಳು ಇದರಲ್ಲಿ ಮನಬಂದಂತೆ ವಸೂಲಿ ಮಾಡುತ್ತಿದ್ದವು. 2001ರ ಸರ್ಕಾರಿ ಆದೇಶದ ನಂತರ ಅದು ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ. ಹೆಚ್ಚು ಕೇಳಿದರೆ ಆ ಆದೇಶವನ್ನು ತೋರಿಸಿ ಮಾತನಾಡಿ.

ಕಂತಿನ ಮುಂದೆ ಬಾಡಿಗೆ

48 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಬಾಡಿಗೆಯಿಂದ ನಿಜವಾಗಿ ಉಳಿಯುವ 11,500 ಕಳೆದರೆ ಪ್ರತಿ ತಿಂಗಳು ಸಂಬಳದಿಂದ ಹಾಕಬೇಕಾದದ್ದು 30,150. ಏಜೆಂಟರ "ಸ್ವಲ್ಪ" ಎಂದರೆ ಇದು.

ನಮ್ಮ ಕೇಳುಗರ ಕೈಗೆ ಬರುವ ಸಂಬಳ 85 ಸಾವಿರ. ಮನೆ ಖರ್ಚು, ಮಗಳ ಓದು, ಊರಿನಲ್ಲಿರುವ ತಾಯಿಗೆ ಕಳುಹಿಸುವುದು ಎಲ್ಲಾ ಸೇರಿ 55 ಸಾವಿರ. ಉಳಿಯುವುದು 30 ಸಾವಿರ. ಅಂದರೆ ತಿಂಗಳ ಉಳಿತಾಯವೆಲ್ಲ ಆ ಫ್ಲ್ಯಾಟಿಗೇ ಹೋಗಿ, ಇನ್ನೂ 150 ರೂಪಾಯಿ ಸಾಲದೆ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ, ಬಾಡಿಗೆದಾರ ಎರಡು ತಿಂಗಳು ತಡ ಮಾಡಿದರೆ ಕಂತು ಎಲ್ಲಿಂದ? ಇನ್ನೊಂದು ಮಾತು. ಈಗ 44 ವರ್ಷ, ನಿವೃತ್ತಿ 60ಕ್ಕೆ, ಸಾಲ ಮುಗಿಯುವುದು 64ಕ್ಕೆ. ಕೊನೆಯ 4 ವರ್ಷದ ಕಂತನ್ನು ಸಂಬಳವಿಲ್ಲದೆ ಕಟ್ಟಬೇಕು.

"ಬಾಡಿಗೆ ಏರುತ್ತದಲ್ಲ?" ಎಂದು ನೀವು ಕೇಳಬಹುದು. ಏರುತ್ತದೆ. ವರ್ಷಕ್ಕೆ ಶೇ. 5ರಂತೆ ಏರಿತು, ಖರ್ಚೂ ಅದೇ ಪ್ರಮಾಣದಲ್ಲಿ ಏರಿತು ಎಂದುಕೊಂಡರೂ ಇಪ್ಪತ್ತನೆಯ ವರ್ಷದಲ್ಲಿ ಕೈಗುಳಿಯುವುದು ತಿಂಗಳಿಗೆ ಸುಮಾರು 29 ಸಾವಿರ. ಆಗಲೂ ಕಂತನ್ನು ಮುಟ್ಟುವುದಿಲ್ಲ.

ಬಡ್ಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೋದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇ. 4ರಿಂದ ಶೇ. 6.5ಕ್ಕೆ ಏರಿದಾಗ ಸಾಲಗಾರರಿಗೆ ಅದರ ಬಿಸಿ ತಟ್ಟಿತು. ನಮ್ಮ ಉದಾಹರಣೆಯಲ್ಲಿ ಬಡ್ಡಿ ಶೇ. 1 ಏರಿದರೆ ಕಂತು ಸುಮಾರು 3,000 ರೂಪಾಯಿ ಏರುತ್ತದೆ. ಇಲ್ಲವೇ ಸಾಲದ ಅವಧಿ ಉದ್ದವಾಗುತ್ತದೆ. ಸಮಾಧಾನದ ಸಂಗತಿ ಎಂದರೆ, ವ್ಯಕ್ತಿಗಳು ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೋನಸ್ಸು ಬಂದಾಗ ಅಸಲಿಗೆ ಹಾಕಿಬಿಡುವುದು ಜಾಣತನ.

ತೆರಿಗೆ ಉಳಿಯುತ್ತದೆಯೇ?

ಏಜೆಂಟರ ಎರಡನೆಯ ಮಾತು ಇದು. ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹೀಗೆ: ಬಂದ ಬಾಡಿಗೆಯಿಂದ ನೀವು ಕಟ್ಟಿದ ಮನೆ ತೆರಿಗೆ ಕಳೆಯಬೇಕು. ಉಳಿದದ್ದರಲ್ಲಿ ಶೇ. 30ನ್ನು ದುರಸ್ತಿ ಮುಂತಾದವುಗಳಿಗೆಂದು ಬಿಟ್ಟುಕೊಡುತ್ತಾರೆ. ನೀವು ನಿಜವಾಗಿ ಎಷ್ಟು ಖರ್ಚು ಮಾಡಿದಿರಿ ಎಂದು ಕೇಳುವುದಿಲ್ಲ. ಆ ಮೇಲೆ ಸಾಲದ ಬಡ್ಡಿಯನ್ನು ಕಳೆಯಬಹುದು.

ನಮ್ಮ ಕೇಳುಗರಿಗೆ 1,98,000ದಲ್ಲಿ 9,000 ಕಳೆದು 1,89,000. ಅದರಲ್ಲಿ ಶೇ. 30, ಅಂದರೆ 56,700 ಕಳೆದು 1,32,300. ಮೊದಲ ವರ್ಷದ ಬಡ್ಡಿ ಸುಮಾರು 4 ಲಕ್ಷ 4 ಸಾವಿರ. ಕಾಗದದ ಮೇಲೆ ಸುಮಾರು 2 ಲಕ್ಷ 72 ಸಾವಿರ ನಷ್ಟ. ಹಳೆಯ ತೆರಿಗೆ ಪದ್ಧತಿಯಲ್ಲಿ ಈ ನಷ್ಟದಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಉಳಿದದ್ದನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಏಜೆಂಟರು ಹೇಳುವುದು ಇದನ್ನೇ. ಆದರೆ ಹೊಸ ಪದ್ಧತಿಯಲ್ಲಿ, ಅಂದರೆ ನಾವಾಗಿ ಬೇಡ ಎನ್ನದಿದ್ದರೆ ಈಗ ತಾನಾಗಿ ಅನ್ವಯವಾಗುವ ಪದ್ಧತಿಯಲ್ಲಿ, ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ. ಬಾಡಿಗೆಗೆ ತೆರಿಗೆ ಬೀಳುವುದಿಲ್ಲ ಅಷ್ಟೆ. ಸಂಬಳದ ತೆರಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ನಮ್ಮ ಕೇಳುಗರು ಇರುವುದು ಹೊಸ ಪದ್ಧತಿಯಲ್ಲಿ. ಆದ್ದರಿಂದ "ತೆರಿಗೆ ಉಳಿಯುತ್ತದೆ" ಎಂದು ಯಾರಾದರೂ ಹೇಳಿದರೆ, ಯಾವ ಪದ್ಧತಿಯಲ್ಲಿ ಎಂದು ಮೊದಲು ಕೇಳಿ.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ?

ಮನೆಯ ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ನಂಬಿಕೆ ಸುಳ್ಳೂ ಅಲ್ಲ. ಆದರೆ ಎಷ್ಟು ಏರಬೇಕು ಎಂದು ಲೆಕ್ಕ ಹಾಕುವವರು ಕಡಿಮೆ. ಸಾಲದ ಹಣಕ್ಕೆ ನಾವು ಶೇ. 8.5 ಕೊಡುತ್ತೇವೆ. ಅದು ತರುವ ಬಾಡಿಗೆ ಶೇ. 2.1. ನಡುವಿನ ಶೇ. 6.4ನ್ನು ಬೆಲೆ ಏರಿಕೆಯೇ ಪ್ರತಿ ವರ್ಷ ತುಂಬಿಕೊಡಬೇಕು. ಅದಕ್ಕಿಂತ ಹೆಚ್ಚು ಏರಿದರೆ ಸಾಲ ಮಾಡಿದ್ದು ಲಾಭ, ಕಡಿಮೆಯಾದರೆ ನಷ್ಟ. 2014ರಿಂದ 2020ರವರೆಗೆ ಮುಂಬೈ, ಪುಣೆ, ದಿಲ್ಲಿಯ ಸುತ್ತಮುತ್ತ ಹಲವು ಬಡಾವಣೆಗಳಲ್ಲಿ ಬೆಲೆ ಹೆಚ್ಚು ಕದಲದೆ ನಿಂತಿತ್ತು. 2021ರ ನಂತರ ಮತ್ತೆ ಏರಿತು. ನಿಂತ ಆ ವರ್ಷಗಳಲ್ಲಿ ಕಂತು ಕಟ್ಟಲಾರದೆ ಮಾರಿದವರು ಸೋತರು, ತಡೆದುಕೊಂಡವರು ಗೆದ್ದರು. ಎಂದರೆ, ತಡೆದುಕೊಳ್ಳುವ ಶಕ್ತಿ ಇದ್ದವರಿಗೆ ಮಾತ್ರ ಬೆಲೆ ಏರಿಕೆಯ ಫಲ.

ಮಾರುವಾಗಿನ ತೆರಿಗೆಯನ್ನೂ ಮರೆಯಬೇಡಿ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಇದಕ್ಕೆ ಶೇ. 12.5 ತೆರಿಗೆ. ಆ ದಿನದ ನಂತರ ಕೊಂಡ ಮನೆಗೆ ಹಣದುಬ್ಬರದ ಹೊಂದಾಣಿಕೆ ಸಿಗುವುದಿಲ್ಲ.

ಅದೇ 18 ಲಕ್ಷ, ಬೇರೆ ಮನೆ

ಈಗ ಇನ್ನೊಂದು ದಾರಿ ನೋಡೋಣ. ಅದೇ ಪುಣೆಯಲ್ಲಿ, ಸ್ವಲ್ಪ ಹಳೆಯ ಸೊಸೈಟಿಯ ಒಂದು ಬೆಡ್‌ರೂಮಿನ ಮನೆ, ಬೆಲೆ 35 ಲಕ್ಷ, ಬಾಡಿಗೆ 12,500 ಎಂದಿಟ್ಟುಕೊಳ್ಳಿ. ಮುದ್ರಾಂಕ, ನೋಂದಣಿ 2 ಲಕ್ಷ 75 ಸಾವಿರ, ದುರಸ್ತಿಗೆ 1 ಲಕ್ಷ. ಒಟ್ಟು 38 ಲಕ್ಷ 75 ಸಾವಿರ. ಸಾಲ 20 ಲಕ್ಷ, 15 ವರ್ಷಕ್ಕೆ. ಕೈಯಿಂದ 18 ಲಕ್ಷ 75 ಸಾವಿರ, ಹೆಚ್ಚು ಕಡಿಮೆ ಅಷ್ಟೇ ಹಣ.

ಕಂತು ಸುಮಾರು 19,700. ಹನ್ನೊಂದು ತಿಂಗಳ ಬಾಡಿಗೆ 1,37,500ರಲ್ಲಿ 40 ಸಾವಿರ ಖರ್ಚು ಕಳೆದರೆ ತಿಂಗಳಿಗೆ ಸುಮಾರು 8,100 ಉಳಿಯುತ್ತದೆ. ಸಂಬಳದಿಂದ ಹಾಕಬೇಕಾದದ್ದು 11,600. ಮೂವತ್ತು ಸಾವಿರದ ಜಾಗದಲ್ಲಿ ಹನ್ನೊಂದೂವರೆ ಸಾವಿರ! ಸಾಲ 59ನೇ ವಯಸ್ಸಿಗೆ, ನಿವೃತ್ತಿಗೆ ಮುನ್ನವೇ ಮುಗಿಯುತ್ತದೆ. ತಿಂಗಳಿಗೆ 18 ಸಾವಿರಕ್ಕೂ ಹೆಚ್ಚು ಉಳಿತಾಯ ಕೈಯಲ್ಲೇ ಇರುತ್ತದೆ. ದೊಡ್ಡ ಮನೆಯ ಠೀವಿ ಇದರಲ್ಲಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಇಷ್ಟಾದರೂ ಕೈಯ ಹಣವನ್ನೆಲ್ಲಾ ಸುರಿಯಬೇಡಿ. ಕನಿಷ್ಠ 6 ತಿಂಗಳ ಕಂತಿನಷ್ಟು ಹಣವನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟು ಆಮೇಲೆ ಮನೆಯ ಮಾತು.

ಯಾವ ಮನೆ? ಬಾಡಿಗೆದಾರರ ಕಣ್ಣಿನಿಂದ ನೋಡಿ

ಇರಲು ಕೊಳ್ಳುವ ಮನೆಯಲ್ಲಿ ನಮ್ಮ ಇಷ್ಟ ಮುಖ್ಯ. ಬಾಡಿಗೆಗೆ ಕೊಳ್ಳುವ ಮನೆಯಲ್ಲಿ ಬರುವವರ ಇಷ್ಟ ಮುಖ್ಯ. ರೈಲು ನಿಲ್ದಾಣಕ್ಕೆ, ಬಸ್ಸಿಗೆ ನಡೆದು ಹೋಗಬಹುದೇ? ನೀರು ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರೇ? ಹತ್ತಿರ ಆಫೀಸು, ಆಸ್ಪತ್ರೆ, ಕಾಲೇಜು ಇದೆಯೇ? ಲಿಫ್ಟ್ ಕೆಲಸ ಮಾಡುತ್ತದೆಯೇ? ಕೊಳ್ಳುವ ಮುನ್ನ ಬಾಡಿಗೆ ಮನೆ ಹುಡುಕುವವರಂತೆ ಆ ಬೀದಿಯಲ್ಲಿ ಒಂದು ಭಾನುವಾರ ಸುತ್ತಿ. ಕಾವಲುಗಾರರನ್ನು, ದಿನಸಿ ಅಂಗಡಿಯವರನ್ನು ಕೇಳಿ. ಬಾಡಿಗೆ ಎಷ್ಟು, ಎಷ್ಟು ಮನೆ ಖಾಲಿ ಇದೆ ಎಂಬ ನಿಜ ಅಲ್ಲಿ ಸಿಗುತ್ತದೆ.

ಮೊದಲ ಬಾರಿಯವರಿಗೆ ಕಟ್ಟಿ ಮುಗಿದ ಮನೆಯೇ ಒಳ್ಳೆಯದು. ಇದಕ್ಕೆ ನನ್ನದೇ ಅನುಭವ ಸಾಕ್ಷಿ. 2010ರಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಮನೆ ಬುಕ್ ಮಾಡಿದೆ. ಎರಡು ವರ್ಷಕ್ಕೆ ಕೀಲಿ ಎಂದರು, ಸಿಕ್ಕಿದ್ದು ಐದನೆಯ ವರ್ಷಕ್ಕೆ. ಅಷ್ಟೂ ದಿನ ಒಂದು ಕೈಯಿಂದ ಬ್ಯಾಂಕಿನ ಬಡ್ಡಿ, ಇನ್ನೊಂದು ಕೈಯಿಂದ ನಾನಿದ್ದ ಮನೆಯ ಬಾಡಿಗೆ. ಬಾಡಿಗೆ ಆದಾಯದ ಕನಸು ಕಂಡವನು ಎರಡೂ ಕಡೆ ತೆತ್ತೆ.

ಆಗ ರೇರಾ ಕಾಯ್ದೆ ಇರಲಿಲ್ಲ. 2016ರಲ್ಲಿ ಬಂದು 2017ರ ಮೇ 1ರಿಂದ ಪೂರ್ತಿ ಜಾರಿಯಾದ ಈ ಕಾಯ್ದೆಯಂತೆ, ಬಿಲ್ಡರು ಗ್ರಾಹಕರಿಂದ ಪಡೆದ ಹಣದ ಶೇ. 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ಕಾರ್ಪೆಟ್ ವಿಸ್ತೀರ್ಣದ ಲೆಕ್ಕದಲ್ಲೇ ಮಾರಬೇಕು. ತಡವಾದರೆ ಗ್ರಾಹಕರು ಪರಿಹಾರ ಕೇಳಬಹುದು. ರಾಜ್ಯದ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡದೆ ಮುಂಗಡ ಕೊಡಬೇಡಿ. ಇನ್ನೊಂದು ವ್ಯತ್ಯಾಸ: ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ಶೇ. 5, ಅಗ್ಗದ ವರ್ಗದ ಮನೆಗೆ ಶೇ. 1 ಜಿಎಸ್‌ಟಿ ಇದೆ. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ನಂತರ ಕೊಂಡ ಮನೆಗೆ ಇಲ್ಲ.

ಕಾಗದಪತ್ರಗಳಲ್ಲಿ ಇವಿಷ್ಟನ್ನು ನೋಡಲೇಬೇಕು: ಹಿಂದಿನ ಕ್ರಯಪತ್ರಗಳ ಸರಣಿ, ಕಟ್ಟಡದ ವಾಸಯೋಗ್ಯ ಪ್ರಮಾಣಪತ್ರ, ಸೊಸೈಟಿಯ ಷೇರು ಪ್ರಮಾಣಪತ್ರ ಮತ್ತು ಬಾಕಿ ಇಲ್ಲ ಎಂಬ ಪತ್ರ, ಹಳೆಯ ಸಾಲ ತೀರಿದ ದಾಖಲೆ. ಕೆಲವು ಸಾವಿರ ಕೊಟ್ಟು ಸ್ವತಂತ್ರ ವಕೀಲರಿಂದ ಪರಿಶೀಲನೆ ಮಾಡಿಸಿ. ಏಜೆಂಟರು ಕರೆತಂದ ವಕೀಲರು ಬೇಡ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಹಳೆಯ ಮುಂಬೈಯಲ್ಲಿ ಪಗಡಿ ಮನೆ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆಪಡಬೇಡಿ. ಅಲ್ಲಿ ನೀವು ಹಣ ಕೊಟ್ಟು ಬಾಡಿಗೆದಾರರಾಗುತ್ತೀರಿ, ಮಾಲೀಕರಾಗುವುದಿಲ್ಲ.

"ಮಹಾನಗರ ಬೇಡ, ಬೆಂಗಳೂರಿನಲ್ಲೇ ತೆಗೆದುಕೊಳ್ಳೋಣ" ಎನ್ನುವವರೂ ನಮ್ಮಲ್ಲಿ ಬಹಳ. ಭಾಷೆ, ಬಂಧುಗಳು, ಮುಂದೆ ಹೋಗಿ ನೆಲೆಸುವ ಆಸೆ, ಎಲ್ಲವೂ ಸರಿಯೇ. ಆದರೆ ನಲ್ಲಿ ಸೋರಿದ ದಿನ ನೀವು ಡೊಂಬಿವಿಲಿಯಲ್ಲಿರುತ್ತೀರಿ. ಅಲ್ಲಿ ನಂಬಿಕೆಯ ಒಬ್ಬರು ನೋಡಿಕೊಳ್ಳುವವರಿದ್ದರೆ ಮಾತ್ರ ಮುಂದುವರಿಯಿರಿ. 2024ರ ಅಕ್ಟೋಬರ್‌ನಿಂದ ಅಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯ. ಮಾರುವವರ ಬಳಿ ಅದು ಇದೆಯೇ ಎಂದು ಮೊದಲೇ ನೋಡಿ.

ಕರಾರುಪತ್ರ: ಬಾಯಿಮಾತು ಬೇಡ

ಮಹಾರಾಷ್ಟ್ರದಲ್ಲಿ ಮನೆ ಕೊಡುವುದು ಹೆಚ್ಚಾಗಿ "ಲೀವ್ ಅಂಡ್ ಲೈಸೆನ್ಸ್" ಕರಾರಿನ ಮೇಲೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಇದು ಬರಹದಲ್ಲಿರಬೇಕು, ನೋಂದಣಿ ಆಗಬೇಕು, ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ 3 ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂಬ ಮಾತು ಬೇರೆ ಕೆಲವು ರಾಜ್ಯಗಳಲ್ಲಿ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ.

ಖರ್ಚು ದೊಡ್ಡದಲ್ಲ. ಒಟ್ಟು ಬಾಡಿಗೆ ಮತ್ತು ಮರಳಿಸುವ ಠೇವಣಿಯ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಸೇರಿಸಿದ ಮೊತ್ತಕ್ಕೆ ಶೇ. 0.25 ಮುದ್ರಾಂಕ. ಹನ್ನೊಂದು ತಿಂಗಳಿಗೆ 18 ಸಾವಿರ ಬಾಡಿಗೆ, 50 ಸಾವಿರ ಠೇವಣಿಗೆ ಸುಮಾರು 500 ರೂಪಾಯಿ. ನಗರದಲ್ಲಿ ನೋಂದಣಿಗೆ 1,000. ಪ್ರಯೋಜನ ಮಾತ್ರ ದೊಡ್ಡದು: ಅವಧಿ ಮುಗಿದರೂ ಮನೆ ಬಿಡದಿದ್ದರೆ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಬಿಡದವರು ಎರಡು ಪಟ್ಟು ಶುಲ್ಕ ಕೊಡಬೇಕಾಗುತ್ತದೆ.

ತಮಿಳುನಾಡಿನಲ್ಲಿ 2019ರ ಫೆಬ್ರವರಿಯಿಂದ ಹೊಸ ಬಾಡಿಗೆ ಕಾಯ್ದೆ ಜಾರಿಯಲ್ಲಿದೆ. ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಿಸಬೇಕು. ಠೇವಣಿ 3 ತಿಂಗಳ ಬಾಡಿಗೆಯನ್ನು ಮೀರಬಾರದು. ದಿಲ್ಲಿಯಲ್ಲಿ 1958ರ ಬಾಡಿಗೆ ನಿಯಂತ್ರಣ ಕಾಯ್ದೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಕರಾರುಪತ್ರದಲ್ಲಿ ಬರೆದದ್ದೇ ಮುಖ್ಯ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಠೇವಣಿ ಎನ್ನುತ್ತದೆ. ಆದರೆ ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡಲ್ಲಿ ಮಾತ್ರ ಅದು ಜಾರಿ. ಬೆಂಗಳೂರಿನಲ್ಲಿ ಹಿಂದಿನಿಂದ ಬಂದ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ನಿಮಗೆ ಗೊತ್ತೇ ಇದೆ. ದೊಡ್ಡ ಅಡ್ವಾನ್ಸ್ ಬಂತೆಂದು ಖರ್ಚು ಮಾಡಿಬಿಡಬೇಡಿ. ಅದು ಬಾಡಿಗೆದಾರರ ಹಣ, ನಾಳೆ ಹಿಂದಿರುಗಿಸಬೇಕಾದದ್ದು.

ಬಾಡಿಗೆದಾರರ ಗುರುತಿನ ಪತ್ರ, ಕೆಲಸದ ವಿವರ ಪಡೆದು ಪೊಲೀಸ್ ಠಾಣೆಗೆ ಮಾಹಿತಿ ಕೊಡಿ. ಸೊಸೈಟಿಗೂ ಪತ್ರ ಮೂಲಕ ತಿಳಿಸಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಬಾಡಿಗೆ ತಿಂಗಳಿಗೆ 50 ಸಾವಿರ ಮೀರಿದರೆ ಬಾಡಿಗೆದಾರರು ಟಿಡಿಎಸ್ ಹಿಡಿಯಬೇಕು. 2024ರ ಅಕ್ಟೋಬರ್‌ನಿಂದ ಅದರ ದರ ಶೇ. 5ರಿಂದ ಶೇ. 2ಕ್ಕೆ ಇಳಿದಿದೆ. ಕೀಲಿ ಕೊಡುವ ದಿನ ಮನೆಯ ಫೋಟೋ ತೆಗೆದು, ಫ್ಯಾನು, ದೀಪಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದರೆ ಬಿಡುವ ದಿನ ಜಗಳವಿರುವುದಿಲ್ಲ.

ಒಂದು ಮನವಿಯೂ ಇದೆ. ನಮ್ಮಲ್ಲಿ ಬಹುಪಾಲು ಜನ ಈ ಊರುಗಳಿಗೆ ಒಂದು ಟ್ರಂಕು ಹಿಡಿದು ಬಂದವರೇ. ಊರು, ಭಾಷೆ, ಊಟ ಕೇಳಿ ಬಾಗಿಲು ಹಾಕಿದ ಮಾಲೀಕರನ್ನು ನಾವು ಕಂಡಿದ್ದೇವೆ. ಸಮಯಕ್ಕೆ ದುರಸ್ತಿ ಮಾಡಿಸಿ, ಹೋಗುವಾಗ ಠೇವಣಿಯನ್ನು ಸತಾಯಿಸದೆ ಕೊಡುವ ಮಾಲೀಕರ ಮನೆ ಹೆಚ್ಚು ದಿನ ಖಾಲಿ ಇರುವುದಿಲ್ಲ. ಒಳ್ಳೆಯತನದ ಮಾತು ಹಾಗಿರಲಿ, ಒಂದು ಖಾಲಿ ತಿಂಗಳು ಉಳಿದರೆ ಮೇಲಿನ ಲೆಕ್ಕದಲ್ಲಿ ಅದೇ 18 ಸಾವಿರ.

ಲೆಕ್ಕ ಕೂಡದಿದ್ದರೆ?

ಕೊಳ್ಳಬೇಡಿ. ಕೊಳ್ಳದಿರುವುದೂ ಒಂದು ತೀರ್ಮಾನವೇ. ಬಾಡಿಗೆ ಆದಾಯದ ಆಸೆ ಇದ್ದು ಮನೆಯ ತಾಪತ್ರಯ ಬೇಡ ಎನ್ನುವವರಿಗೆ ಈಗ ರೀಟ್ ಎಂಬ ದಾರಿಯಿದೆ. ದೊಡ್ಡ ಆಫೀಸು ಕಟ್ಟಡಗಳ ಒಡೆತನವನ್ನು ಸಣ್ಣ ಯೂನಿಟ್ಟುಗಳಾಗಿ ಮಾಡಿ ಷೇರುಪೇಟೆಯಲ್ಲಿ ಮಾರುತ್ತಾರೆ. ಬಂದ ಬಾಡಿಗೆಯಲ್ಲಿ ಖರ್ಚು ಕಳೆದು ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇ. 90ನ್ನು ಹಂಚಲೇಬೇಕು. ದೇಶದ ಮೊದಲನೆಯದಾದ ಎಂಬೆಸಿ ರೀಟ್ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು, ಅದರ ಕಟ್ಟಡಗಳಲ್ಲಿ ದೊಡ್ಡ ಭಾಗ ಇರುವುದು ಬೆಂಗಳೂರಿನಲ್ಲೇ. ಒಂದೊಂದೇ ಯೂನಿಟ್ಟನ್ನೂ ಕೊಳ್ಳಬಹುದು. ಆದರೆ ಬೆಲೆ ಷೇರಿನಂತೆ ಏರಿಳಿಯುತ್ತದೆ, ಖಚಿತ ಆದಾಯದ ಭರವಸೆ ಇಲ್ಲ.

ಮನೆ ನೋಡಲು ಹೋಗುವ ಮುನ್ನ ಒಂದು ಹಾಳೆಯಲ್ಲಿ ಮೂರೇ ಅಂಕಿ ಬರೆಯಿರಿ. ಒಂದು, ಎಲ್ಲ ಖರ್ಚು ಸೇರಿ ಮನೆ ಎಷ್ಟಕ್ಕೆ ಬೀಳುತ್ತದೆ. ಎರಡು, ಹನ್ನೊಂದು ತಿಂಗಳ ಬಾಡಿಗೆಯಲ್ಲಿ ಎಲ್ಲಾ ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೆ. ಮೂರು, ಕಂತು ಕಟ್ಟಲು ಸಂಬಳದಿಂದ ಎಷ್ಟು ಹಾಕಬೇಕು. ಮೂರನೆಯ ಅಂಕಿ ನಿಮ್ಮ ತಿಂಗಳ ಉಳಿತಾಯದ ಅರ್ಧ ಮೀರಿದರೆ, ಆ ಮನೆ ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡಿ. ಇದು ಕಾಯ್ದೆಯಲ್ಲ, ನನ್ನ ಅನುಭವದ ಮಾತು.

ಪುಣೆಯ ನಮ್ಮ ಕೇಳುಗರಿಗೆ ಈ ಲೆಕ್ಕ ಕಳುಹಿಸಿದೆ. ಎರಡು ವಾರದ ಮೇಲೆ ಉತ್ತರ ಬಂತು. ಮುಂಗಡ ಕೊಡಲಿಲ್ಲವಂತೆ. ಗಂಡ ಹೆಂಡತಿ ಈಗ ಭಾನುವಾರಗಳಲ್ಲಿ ಹಳೆಯ ಸೊಸೈಟಿಗಳನ್ನು ಸುತ್ತುತ್ತಿದ್ದಾರೆ. "ಊರಿನ ಮಣ್ಣು ಮಾರಿದ ದುಡ್ಡು, ಅವಸರ ಮಾಡುವುದಿಲ್ಲ" ಎಂದು ಬರೆದಿದ್ದಾರೆ. ಕೊನೆಯ ಸಾಲಿನಲ್ಲಿ, "ನಾನು ಕೇಳಿದ ಹಾಡು ಇನ್ನೂ ಹಾಕಿಲ್ಲ" ಎಂಬ ದೂರು. ಮುಂದಿನ ಭಾನುವಾರ ಖಂಡಿತ ಹಾಕುತ್ತೇವೆ, ಕೇಳಿ.

ಬಾಡಿಗೆ ಮನೆಯ ಬಗ್ಗೆ ನಿಮ್ಮ ಅನುಭವ, ಮಾಲೀಕರಾಗಿಯೋ ಬಾಡಿಗೆದಾರರಾಗಿಯೋ, ಏನಿದ್ದರೂ ಬರೆಯಿರಿ. ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ.